ಕಟ್ಟು ಬಿಚ್ಚಿದ ನಂತರದ ಚಿಕಿತ್ಸೆ: ನೋವು ಮತ್ತು ಗಾಯದಿಂದ ಚೇತರಿಕೆಗೆ ಫಿಜಿಯೋಥೆರಪಿ

ಫಿಜಿಯೋಥೆರಪಿ ಎಂದರೇನು

ಮುರಿದ ಮೂಳೆಯನ್ನು ಕೂಡಿಸುವುದು ಮೂಳೆ ತಜ್ಞರ ಕಾರ್ಯವಾಗಿದ್ದು, ಆ ಕೈ ಮತ್ತೆ ಬಿಂದಿಗೆ ಎತ್ತುವಂತೆ, ಆ ಕಾಲು ಮತ್ತೆ ಮೆಟ್ಟಿಲು ಹತ್ತುವಂತೆ ಮಾಡುವುದು ಫಿಜಿಯೋಥೆರಪಿಯ ಕಾರ್ಯವಾಗಿರುತ್ತದೆ. ಇದನ್ನು ಭೌತಚಿಕಿತ್ಸೆ ಎಂದೂ ಕರೆಯಲಾಗುತ್ತದೆ. ಕ್ರಮಬದ್ಧ ವ್ಯಾಯಾಮ, ಕೀಲುಗಳ ಚಲನೆ, ಶಾಖ, ತಂಪು ಹಾಗೂ ಕೆಲವು ವಿದ್ಯುತ್ ಉಪಕರಣಗಳ ಮೂಲಕ ನೋವನ್ನು ತಗ್ಗಿಸಿ, ಕಳೆದುಹೋದ ಚಲನೆ ಮತ್ತು ಬಲವನ್ನು ಮರಳಿ ಪಡೆಯಲು ಈ ಚಿಕಿತ್ಸೆ ನೆರವಾಗುತ್ತದೆ. ಇದನ್ನು ನೀಡುವವರು ಈ ವಿಷಯದಲ್ಲಿಯೇ ಪದವಿ ಪಡೆದವರಾಗಿರುತ್ತಾರೆ. ಆರೋಗ್ಯ ಸಂಬಂಧಿತ ವೃತ್ತಿಗಳನ್ನು ನಿಯಂತ್ರಿಸಲು ಸಂಸತ್ತು 2021ರಲ್ಲಿ ಅಂಗೀಕರಿಸಿದ ಅಧಿನಿಯಮದ ವ್ಯಾಪ್ತಿಗೆ ಈ ವೃತ್ತಿಯೂ ಸೇರಿದೆ.

ಆದಾಗ್ಯೂ, ವೈದ್ಯರು ಚೀಟಿಯ ಕೊನೆಯಲ್ಲಿ ಬರೆದಿರುವ ‘ಫಿಜಿಯೋಥೆರಪಿ’ ಎಂಬ ಸಾಲನ್ನು ಅನೇಕರು ಗಮನಿಸುವುದಿಲ್ಲ. ಗಮನಿಸಿದವರೂ ಅದನ್ನು ಅನುಕೂಲವಿದ್ದವರು ಮಾಡಿಸಿಕೊಳ್ಳುವ ಹೆಚ್ಚುವರಿ ಉಪಚಾರವೆಂದು ಬಿಟ್ಟುಬಿಡುವುದುಂಟು. ಇದರಿಂದ ಮೂಳೆ ಸರಿಯಾಗಿ ಕೂಡಿದ್ದರೂ ಕೈ ಕೆಲಸಕ್ಕೆ ಬಾರದಂತಾಗುವ ಸಂಭವವಿರುತ್ತದೆ.

ಕಸುಬು ಮತ್ತು ಕೀಲುಗಳು

2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಜಿಲ್ಲೆಯಲ್ಲಿ ಕೈಕಾಲುಗಳ ಬಲವನ್ನೇ ನೆಚ್ಚಿದ ಕಸುಬುಗಳು ಹಲವು. ರಾಮನಗರದಲ್ಲಿ ನೂಲು ಬಿಚ್ಚುವವರು ಬಿಸಿನೀರಿನಲ್ಲಿರುವ ಗೂಡುಗಳಿಂದ ಎಳೆ ಹಿಡಿಯಲು ದಿನವಿಡೀ ಬೆರಳ ತುದಿಗಳನ್ನು ಬಳಸುತ್ತಾರೆ. ಚನ್ನಪಟ್ಟಣದ ಬೊಂಬೆ ತಯಾರಕರು ಲೇತಿನ ಮೇಲೆ ತಿರುಗುವ ಹಾಲೆ ಮರದ ತುಂಡಿಗೆ ಉಳಿಯನ್ನು ಒತ್ತಿ ಹಿಡಿದು, ಬಳಿಕ ಬಣ್ಣದ ಅರಗನ್ನು ತಾಗಿಸುತ್ತಾರೆ. ಮಣಿಕಟ್ಟು ಸ್ವಲ್ಪ ಅದುರಿದರೂ ಬೊಂಬೆಯ ಆಕಾರ ಕೆಡುತ್ತದೆ. ಕನಕಪುರದ ರೇಷ್ಮೆ ಬೆಳೆಗಾರರು ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊರುತ್ತಾರೆ. ಮಾಗಡಿ ಭಾಗದಲ್ಲಿ ರಾಗಿ ಕೊಯ್ಲಿನ ದಿನಗಳಲ್ಲಿ ಬಗ್ಗಿದ ಬೆನ್ನು ಸಂಜೆಯವರೆಗೆ ಏಳುವುದಿಲ್ಲ.

ಇವರಲ್ಲಿ ಯಾರಿಗಾದರೂ ಮಣಿಕಟ್ಟಿನ ಚಲನೆ ಅರ್ಧಕ್ಕೆ ಇಳಿದರೆ ಅದು ಕೇವಲ ಆರೋಗ್ಯದ ಪ್ರಶ್ನೆಯಾಗಿ ಉಳಿಯದೆ, ಮನೆಯ ಆದಾಯದ ಪ್ರಶ್ನೆಯೂ ಆಗುತ್ತದೆ. ಇದರೊಂದಿಗೆ ರಸ್ತೆ ಅಪಘಾತಗಳ ಗಾಯಾಳುಗಳೂ ಇದ್ದಾರೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಗಿದ್ದರೂ, ಸರ್ವಿಸ್ ರಸ್ತೆಯಲ್ಲಿಯೂ ಹಳ್ಳಿಯ ದಾರಿಯಲ್ಲಿಯೂ ಬಿದ್ದು ಕೈ ಊರಿದಾಗ ಮಣಿಕಟ್ಟು ಮುರಿಯುವುದು ಸಾಮಾನ್ಯವಾಗಿದೆ.

ಕೀಲು ಬಿಗಿಯುವುದು ಏಕೆ

ಮಣಿಕಟ್ಟಿನ ಮುರಿತಕ್ಕೆ ಸಾಮಾನ್ಯವಾಗಿ 5ರಿಂದ 6 ವಾರಗಳ ಕಾಲ ಪ್ಲಾಸ್ಟರ್ ಹಾಕಲಾಗುತ್ತದೆ. ಮೂಳೆ ಕೂಡಲು ಈ ವಿಶ್ರಾಂತಿ ಅವಶ್ಯಕ. ಆದರೆ ಅದೇ ಅವಧಿಯಲ್ಲಿ ಅಲುಗಾಡದ ಸ್ನಾಯುಗಳು ಸೊರಗುತ್ತವೆ, ಕೀಲಿನ ಸುತ್ತಲಿನ ಪೊರೆ ಕುಗ್ಗುತ್ತದೆ ಮತ್ತು ಊತ ಬೆರಳುಗಳಲ್ಲಿ ನಿಲ್ಲುತ್ತದೆ. ಪ್ಲಾಸ್ಟರ್ ತೆಗೆದ ದಿನ ಕೈ ತೆಳ್ಳಗೆ, ಒಣಗಿ, ಬಿಗಿದುಕೊಂಡಂತೆ ಕಾಣುವುದು ಈ ಕಾರಣದಿಂದ. ಅದನ್ನು ಕಂಡು ಗಾಬರಿಯಾಗಿ ಕೈಯನ್ನು ಮತ್ತೆ ಜೋಳಿಗೆಯಲ್ಲಿ ತೂಗುಹಾಕಿಕೊಂಡರೆ ಬಿಗಿತ ಇನ್ನಷ್ಟು ಹೆಚ್ಚಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಸುಲಭವಾಗಿ ಮರಳುವ ಚಲನೆಯು ತಿಂಗಳುಗಳು ಕಳೆದ ಮೇಲೆ ಬಹಳ ಶ್ರಮಕ್ಕೂ ಪೂರ್ಣವಾಗಿ ಮರಳದಿರಬಹುದು.

ಆದುದರಿಂದ ವೈದ್ಯರು ಬೇಡವೆಂದು ಸೂಚಿಸದಿದ್ದಲ್ಲಿ, ಪ್ಲಾಸ್ಟರ್ ಇರುವಾಗಲೇ ಅದರ ಹೊರಗಿರುವ ಬೆರಳುಗಳನ್ನು ಮಡಿಸಿ ಬಿಡಿಸುತ್ತಿರಬೇಕು. ಮೊಣಕೈ ಮತ್ತು ಭುಜವನ್ನೂ ಆಡಿಸುತ್ತಿರಬೇಕು. ಮಣಿಕಟ್ಟು ಮುರಿದವರು ಕೊನೆಗೆ ಭುಜ ನೋವಿಗಾಗಿ ಆಸ್ಪತ್ರೆಗೆ ಬರುವುದು ಅಪರೂಪವೇನಲ್ಲ. ಮಧುಮೇಹ ಇರುವವರಲ್ಲಿ ಭುಜ ಬಿಗಿಯುವ ಸಾಧ್ಯತೆ ಇತರರಿಗಿಂತ ಹೆಚ್ಚು.

ಎಣ್ಣೆ ಹಚ್ಚಿ ನೀವುವುದು, ಬಿಗಿಯಾಗಿ ಕಟ್ಟುವುದು

ಮೂಳೆ ಕಟ್ಟುವ ನಾಟಿ ವೈದ್ಯರ ಬಳಿಗೆ ಹೋಗುವ ರೂಢಿ ಜಿಲ್ಲೆಯ ತಾಲ್ಲೂಕುಗಳಲ್ಲಿದೆ. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ಜನರಿಗೆ ಬೇರೆ ದಾರಿ ಇರಲಿಲ್ಲವೆಂಬುದೂ ನಿಜ. ಆದರೆ ಎರಡು ಸಂಗತಿಗಳನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಅಗತ್ಯ.

ಮೊದಲನೆಯದಾಗಿ, ಪೆಟ್ಟಾದ ಮೊಣಕೈಯನ್ನು ಎಣ್ಣೆ ಹಚ್ಚಿ ಬಲವಾಗಿ ನೀವಬಾರದು, ಎಳೆದು ನೆಟ್ಟಗೆ ಮಾಡಬಾರದು. ಹೀಗೆ ಮಾಡಿದಲ್ಲಿ ಗಾಯಗೊಂಡ ಸ್ನಾಯುವಿನೊಳಗೆ ಹೊಸದಾಗಿ ಮೂಳೆ ಬೆಳೆದು, ಮೊಣಕೈ ಶಾಶ್ವತವಾಗಿ ಮಡಚಲಾರದಂತಾಗುವ ಅಪಾಯವಿದೆ. ಮಕ್ಕಳು ಮರದಿಂದಲೋ ಜಗಲಿಯಿಂದಲೋ ಬಿದ್ದಾಗ ಹಿರಿಯರು ಪ್ರೀತಿಯಿಂದಲೇ ಮಾಡುವ ಈ ತಪ್ಪಿಗೆ ಮಗು ಜೀವನಪೂರ್ತಿ ಬೆಲೆ ತೆರಬೇಕಾಗುತ್ತದೆ. ಫಿಜಿಯೋಥೆರಪಿಸ್ಟರು ಕೂಡ ಮೊಣಕೈಯನ್ನು ಬಲವಂತವಾಗಿ ಎಳೆಯುವುದಿಲ್ಲ. ರೋಗಿಯೇ ತನ್ನ ಶಕ್ತಿಯಿಂದ ಆಡಿಸುವಂತೆ ಮಾಡುತ್ತಾರೆ.

ಎರಡನೆಯದಾಗಿ, ಬಿದಿರು ದಬ್ಬೆಯ ಕಟ್ಟಾಗಲಿ, ಆಸ್ಪತ್ರೆಯ ಪ್ಲಾಸ್ಟರ್ ಆಗಲಿ, ಹಾಕಿದ ಮೇಲೆ ನೋವು ತಗ್ಗುವ ಬದಲು ಏರುತ್ತಾ ಹೋದರೆ, ಬೆರಳುಗಳು ಜೋಮು ಹಿಡಿದರೆ, ನೀಲಿಗಟ್ಟಿದರೆ ಅಥವಾ ಅವುಗಳನ್ನು ನೆಟ್ಟಗೆ ಚಾಚುವಾಗ ಸಹಿಸಲಾಗದ ನೋವಾದರೆ, ರಕ್ತಸಂಚಾರಕ್ಕೆ ತಡೆಯಾಗಿದೆ ಎಂದು ಭಾವಿಸತಕ್ಕದ್ದು. ಬೆಳಗಾಗಲೆಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತುಹೋಗಬಹುದಾದ್ದರಿಂದ ತಕ್ಷಣ 108 ವಾಹನಕ್ಕೆ ಕರೆ ಮಾಡಿ ಆಸ್ಪತ್ರೆಗೆ ತೆರಳಬೇಕು.

ಚಿಕಿತ್ಸೆ ನಡೆಯುವ ಬಗೆ

ಮೊದಲ ಭೇಟಿಯಲ್ಲಿ ಫಿಜಿಯೋಥೆರಪಿಸ್ಟರು ಕೀಲು ಎಷ್ಟು ಮಡಿಸುತ್ತದೆ ಎಂಬುದನ್ನು ಕೋನಮಾಪಕದಿಂದ ಅಳೆದು ಬರೆದಿಟ್ಟುಕೊಳ್ಳುತ್ತಾರೆ, ಹಿಡಿತದ ಬಲವನ್ನು ಪರೀಕ್ಷಿಸುತ್ತಾರೆ ಹಾಗೂ ರೋಗಿಯ ಕಸುಬನ್ನು ವಿಚಾರಿಸುತ್ತಾರೆ. ಕಸುಬನ್ನು ವಿವರವಾಗಿ ತಿಳಿಸುವುದು ರೋಗಿಯ ಹಿತದೃಷ್ಟಿಯಿಂದ ಅಗತ್ಯ. ಉಳಿ ಹಿಡಿಯುವ ಕೈಗೆ ಬೇಕಾದ ವ್ಯಾಯಾಮ ಬೇರೆ, ಹೊರೆ ಹೊರುವ ಕುತ್ತಿಗೆಗೆ ಬೇಕಾದುದು ಬೇರೆ.

ಮೇಣದ ಶಾಖ, ಅಲ್ಟ್ರಾಸೌಂಡ್, ವಿದ್ಯುತ್ ತರಂಗಗಳ ಉಪಕರಣ ಇತ್ಯಾದಿಗಳು ನೋವನ್ನು ಸ್ವಲ್ಪ ಕಾಲ ತಗ್ಗಿಸಿ ವ್ಯಾಯಾಮಕ್ಕೆ ಅನುವು ಮಾಡಿಕೊಡುತ್ತವೆ. ಯಂತ್ರದ ಕೆಳಗೆ ಹದಿನೈದು ನಿಮಿಷ ಕೈಯಿಟ್ಟು, ‘ಕರೆಂಟ್ ಕೊಡಿಸಿಕೊಂಡೆ’ ಎಂದು ಮನೆಗೆ ಹೋಗಿ ಸುಮ್ಮನಿರುವವರಿಗೆ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಗುಣವು ಬಹುಪಾಲು ಮನೆಯಲ್ಲಿ, ದಿನಕ್ಕೆ ಮೂರು ನಾಲ್ಕು ಬಾರಿ ಮಾಡುವ ವ್ಯಾಯಾಮದಿಂದಲೇ ಬರುತ್ತದೆ. ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು ಬೆರಳು ಮಡಿಸುವುದು, ಒದ್ದೆ ಟವೆಲ್ ಹಿಂಡುವುದು, ಹಿಟ್ಟು ನಾದುವುದು, ಗೋಡೆಯ ಮೇಲೆ ಬೆರಳುಗಳನ್ನು ಏರಿಸುತ್ತಾ ಭುಜ ಎತ್ತುವುದು ಮುಂತಾದವುಗಳನ್ನು ಹಂತಹಂತವಾಗಿ ಕಲಿಸಲಾಗುತ್ತದೆ.

ವ್ಯಾಯಾಮದ ವೇಳೆ ಸ್ವಲ್ಪ ನೋವಾಗುವುದು ಸಹಜ. ಆ ನೋವು ಮರುದಿನದ ಹೊತ್ತಿಗೆ ತಗ್ಗಿದರೆ ಹೆದರಬೇಕಾಗಿಲ್ಲ. ಊತ ಹೆಚ್ಚಾದರೆ, ಕೀಲು ಬಿಸಿಯಾದರೆ ಅಥವಾ ರಾತ್ರಿ ನಿದ್ರೆ ಕೆಡುವಷ್ಟು ನೋವಾದರೆ ವ್ಯಾಯಾಮ ಹೆಚ್ಚಾಗಿದೆ ಎಂದು ತಿಳಿದು ಚಿಕಿತ್ಸಕರಿಗೆ ತಿಳಿಸಬೇಕು.

ದಿನಗೂಲಿಯವರಿಗೆ ಆಸ್ಪತ್ರೆಯ ಒಂದೊಂದು ಭೇಟಿಯೂ ಒಂದು ದಿನದ ಕೂಲಿ ಮತ್ತು ಬಸ್ ಖರ್ಚಿನ ಲೆಕ್ಕವಾಗಿರುತ್ತದೆ. ಈ ತೊಂದರೆಯನ್ನು ಮುಚ್ಚಿಡದೆ ಮೊದಲ ದಿನವೇ ಹೇಳಿದಲ್ಲಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ಬರೆಸಿಕೊಂಡು, ಭೇಟಿಗಳ ಅಂತರವನ್ನು ಹೆಚ್ಚಿಸಿಕೊಳ್ಳಲು ಸಾಧ್ಯವಿದೆ. ಎರಡು ದಿನ ಬಂದು ಹೇಳದೇ ಬಿಟ್ಟುಬಿಡುವುದಕ್ಕಿಂತ ಇದು ಮೇಲು.

ಸೊಂಟ ನೋವು, ಮಂಡಿ ನೋವು ಮತ್ತು ಪಾರ್ಶ್ವವಾಯು

ಸೊಂಟ ಹಿಡಿದುಕೊಂಡಾಗ ವಾರಗಟ್ಟಲೆ ಮಲಗಿರಬೇಕೆಂಬುದು ಹಳೆಯ ತಿಳಿವಳಿಕೆ. ಇಂದಿನ ವೈದ್ಯಕೀಯ ಸಲಹೆ ಇದಕ್ಕೆ ವಿರುದ್ಧವಾಗಿದ್ದು, ಸಹಿಸುವಷ್ಟರ ಮಟ್ಟಿಗೆ ಓಡಾಡಿಕೊಂಡಿರುವವರು ಬೇಗ ಚೇತರಿಸಿಕೊಳ್ಳುತ್ತಾರೆ. ಆದರೆ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾದರೆ ಅಥವಾ ಕಾಲಿನ ಬಲ ಕುಂದಿದರೆ ಕೂಡಲೇ ವೈದ್ಯರನ್ನು ಕಾಣಬೇಕು. ಅದು ವ್ಯಾಯಾಮ ಮಾಡುತ್ತಾ ಕಾಯುವ ಸಮಯವಲ್ಲ. ಮಂಡಿ ಸವೆತಕ್ಕೆ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು ಮುಖ್ಯ ಉಪಾಯ. ಪಾರ್ಶ್ವವಾಯು ಆದವರಿಗೆ ವೈದ್ಯರು ಸ್ಥಿತಿ ಸ್ಥಿರವಾಗಿದೆ ಎಂದು ತಿಳಿಸಿದ ಕೂಡಲೇ, ಅಂದರೆ ಆಸ್ಪತ್ರೆಯಲ್ಲಿರುವಾಗಲೇ, ಫಿಜಿಯೋಥೆರಪಿ ಪ್ರಾರಂಭವಾಗಬೇಕು. ಅವರನ್ನು ಎಬ್ಬಿಸುವಾಗ ಬಲಹೀನವಾದ ಕೈಯನ್ನು ಹಿಡಿದು ಎಳೆಯಬಾರದು, ಭುಜದ ಕೀಲು ಜಾರುವ ಸಂಭವವಿರುತ್ತದೆ.

ಸೇವೆ ಪಡೆಯುವ ವಿಧಾನ

ಸಾರ್ವಜನಿಕರು ಮೊದಲು ರಾಮನಗರದ ಜಿಲ್ಲಾಸ್ಪತ್ರೆ ಅಥವಾ ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿರುವ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ವೈದ್ಯರನ್ನು ಕಾಣತಕ್ಕದ್ದು. ಫಿಜಿಯೋಥೆರಪಿ ಲಭ್ಯವಿರುವ ದಿನ ಮತ್ತು ವೇಳೆಯನ್ನು ಅದೇ ದಿನ ವಿಚಾರಿಸಿಕೊಂಡಲ್ಲಿ ವ್ಯರ್ಥ ಪ್ರಯಾಣ ತಪ್ಪುತ್ತದೆ. ಹಿರಿಯ ನಾಗರಿಕರಿಗಾಗಿ 2010–11ರಲ್ಲಿ ಆರಂಭವಾದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮದಲ್ಲಿ ಈ ಸೇವೆಯನ್ನೂ ಸೇರಿಸಲಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಅನ್ವಯಿಸುವುದರಿಂದ, ಖಾಸಗಿ ಕೇಂದ್ರದ ದಿನನಿತ್ಯದ ಫಿಜಿಯೋಥೆರಪಿ ಶುಲ್ಕವೂ ಅದರಲ್ಲಿ ಸೇರುತ್ತದೆಂದು ಭಾವಿಸಬಾರದು.

ಗಾಯದಿಂದ ದೀರ್ಘಕಾಲದ ನ್ಯೂನತೆ ಉಳಿದವರು ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ ಪ್ರಕಾರ ಬಹುತೇಕ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರಬೇಕು. ಸುಧಾರಣೆಯ ಸಾಧ್ಯತೆ ಇರುವವರಿಗೆ ಅವಧಿ ನಮೂದಿಸಿ ತಾತ್ಕಾಲಿಕ ಪ್ರಮಾಣಪತ್ರ ನೀಡಲಾಗುತ್ತದೆ. ವ್ಯಾಯಾಮ ಮಾಡಿ ಗುಣವಾದರೆ ಪ್ರಮಾಣಪತ್ರ ಕೈತಪ್ಪುವುದೆಂಬ ಅಳುಕಿನಿಂದ ಚಿಕಿತ್ಸೆ ನಿಲ್ಲಿಸುವುದು ಸರಿಯಲ್ಲ. ದುಡಿಯುವ ಕೈ ತಂದುಕೊಡುವಷ್ಟನ್ನು ಯಾವ ಮಾಸಾಶನವೂ ತಂದುಕೊಡಲಾರದು. ಅರ್ಜಿಯ ಬಗ್ಗೆ ಗ್ರಾಮ ಪಂಚಾಯತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಹಾಗೂ ತಾಲ್ಲೂಕು ಪಂಚಾಯತಿಯಲ್ಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಂದ ಮಾಹಿತಿ ಪಡೆಯಬಹುದಾಗಿದೆ.

ಮೊದಲ ಭೇಟಿಗೆ ಬರುವಾಗ ಎಕ್ಸ್‌ರೇ, ಬಿಡುಗಡೆ ಚೀಟಿ, ಈಗ ಸೇವಿಸುತ್ತಿರುವ ಮಾತ್ರೆಗಳು, ಆಧಾರ್ ಮತ್ತು ಪಡಿತರ ಚೀಟಿಯನ್ನು ತರತಕ್ಕದ್ದು. ಸಡಿಲವಾದ ಬಟ್ಟೆ ಧರಿಸಿರಬೇಕು. ಮನೆಯಲ್ಲಿ ವ್ಯಾಯಾಮ ಮಾಡಿಸಬೇಕಾದ ಸದಸ್ಯರೂ ಅಂದು ಜೊತೆಯಲ್ಲಿದ್ದು, ಮಾಡುವ ಕ್ರಮವನ್ನು ಕಣ್ಣಾರೆ ನೋಡಿಕೊಳ್ಳಬೇಕೆಂದು ಕೋರಲಾಗಿದೆ.