ಮರಿ ಉಳಿದರೇ ಮೇಕೆ ಸಾಕಣೆಗೆ ಬರಕತ್ತು

ಕೊಂಡಜ್ಜಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕೆರೆ, ಸುತ್ತಲ ಕುರುಚಲು ಗುಡ್ಡ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ. ಬೇಸಾಯದ ಲೆಕ್ಕದಲ್ಲಿ ಹರಿಹರ ಮತ್ತು ದಾವಣಗೆರೆಯ ಈ ಸುತ್ತಿನಲ್ಲಿ ಎರಡು ಬಗೆಯ ಬದುಕಿದೆ. ಭದ್ರಾ ನಾಲೆಯ ನೀರು ಸಿಕ್ಕ ಕಡೆ ಭತ್ತ, ಸಿಗದ ಕಡೆ ಮಳೆಯನ್ನೇ ನಂಬಿದ ಮೆಕ್ಕೆಜೋಳ. ಈ ಎರಡನೆಯ ಕಡೆಯ ಒಂದೆರಡು ಎಕರೆಯವರಿಗೆ, ಜಮೀನೇ ಇಲ್ಲದ ಕೂಲಿಯವರಿಗೆ ನಾಲ್ಕೈದು ಮೇಕೆ ದೊಡ್ಡ ಆಸರೆ. ಮಕ್ಕಳ ಶಾಲೆಯ ಖರ್ಚಿಗೋ ಆಸ್ಪತ್ರೆಯ ಖರ್ಚಿಗೋ ಒಂದು ಹೋತ ಮಾರಿದರೆ ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 14.9 ಕೋಟಿ, ಕರ್ನಾಟಕದಲ್ಲಿ ಸುಮಾರು 62 ಲಕ್ಷ ಮೇಕೆಗಳಿದ್ದವು. ಇವುಗಳಲ್ಲಿ ಬಹುಪಾಲು ಇಂಥ ಸಣ್ಣ ಕೈಗಳಲ್ಲೇ ಬೆಳೆಯುತ್ತವೆ. ಆದರೆ ಮೇಕೆ ಸಾಕಣೆಯ ಮಾತು ಬಂದಾಗಲೆಲ್ಲ ಚರ್ಚೆ ಹೋಗುವುದು ಯಾವ ತಳಿ ತರಬೇಕು, ಎಷ್ಟು ದೊಡ್ಡ ಶೆಡ್ ಕಟ್ಟಬೇಕು, ಎಷ್ಟು ಸಬ್ಸಿಡಿ ಸಿಗುತ್ತದೆ ಎಂಬುದರ ಕಡೆಗೆ. ಸಣ್ಣ ರೈತನ ಲಾಭ ನಷ್ಟ ತೀರ್ಮಾನವಾಗುವುದು ಅಲ್ಲಲ್ಲ, ಮರಿ ನೆಲಕ್ಕೆ ಬಿದ್ದ ಮೊದಲ ಒಂದು ದಿನದಲ್ಲಿ ಎಂಬುದೇ ಈ ಲೇಖನದ ವಾದ.

ಒಂದು ಸರಳ ಲೆಕ್ಕ ಹಾಕೋಣ. ಮೇಕೆಯ ಗಬ್ಬದ ಅವಧಿ ಸುಮಾರು 150 ದಿನ. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷಕ್ಕೆ ಮೂರು ಸೂಲು ಸಾಧ್ಯ. ಒಂದು ಸೂಲಿಗೆ ಸರಾಸರಿ ಒಂದೂವರೆ ಮರಿ ಎಂದುಕೊಂಡರೂ ನಾಲ್ಕು ಹೆಣ್ಣು ಮೇಕೆಗಳಿಂದ ವರ್ಷಕ್ಕೆ ಒಂಬತ್ತು ಮರಿ. ಅದರಲ್ಲಿ ಮೂರು ಸತ್ತರೆ ಉಳಿಯುವುದು ಆರು. ತಾಯಂದಿರ ಮೇವು, ಹಿಂಡಿ, ಔಷಧ, ಕಾಯುವ ಕೂಲಿ ಯಾವುದೂ ಕಡಿಮೆಯಾಗುವುದಿಲ್ಲ. ಆದಾಯ ಮಾತ್ರ ಮೂರನೇ ಒಂದು ಪಾಲು ಹೋಗುತ್ತದೆ. ಇದನ್ನು ಬೆಲೆಬಾಳುವ ತಳಿಯ ಹೋತ ತಂದು ತುಂಬುತ್ತೇವೆ ಎನ್ನುವುದಾದರೆ ಉಳಿದ ಆರು ಮರಿಗಳೂ ತಲಾ ಅರ್ಧದಷ್ಟು ಹೆಚ್ಚು ತೂಕಕ್ಕೆ ಬರಬೇಕು. ಮೇವು ಹೆಚ್ಚಿಸದೆ ಅದು ಆಗದ ಮಾತು. ಮೂರು ಮರಿ ಉಳಿಸಲು ಬೇಕಾದ ಖರ್ಚಾದರೋ ಒಂದು ಸೀಸೆ ಅಯೋಡಿನ್, ಒಣಗಿದ ಗೋಣಿಚೀಲ, ಒಂದು ಥರ್ಮಾಮೀಟರ್ ಮತ್ತು ಒಂದು ರಾತ್ರಿಯ ನಿದ್ದೆ.

ಆ ಮೊದಲ ದಿನದಲ್ಲಿ ನಡೆಯುವುದೇನು? ಹುಟ್ಟುವಾಗ ನಮ್ಮ ನಾಟಿ ಮರಿಯ ತೂಕ ಎರಡು ಕೆಜಿಯ ಆಸುಪಾಸು. ತಾಯಿಯ ಹೊಟ್ಟೆಯ ಬಿಸಿಯಿಂದ ಒದ್ದೆ ಮೈಯಲ್ಲಿ ಹೊರಗೆ ಬಂದ ಆ ಪುಟ್ಟ ದೇಹ ಬೇಗ ತಣ್ಣಗಾಗುತ್ತದೆ. ಮೈಯಲ್ಲಿರುವ ಅಲ್ಪಸ್ವಲ್ಪ ವಿಶೇಷ ಕೊಬ್ಬನ್ನು ಉರಿಸಿ ಅದು ಕೆಲವು ಗಂಟೆ ಬೆಚ್ಚಗಿರಬಲ್ಲದು, ಅಷ್ಟರೊಳಗೆ ಹೊಟ್ಟೆಗೆ ಗಿಣ್ಣು ಹಾಲು ಬೀಳಬೇಕು. ಗಿಣ್ಣು ಹಾಲಿಗೆ ಇನ್ನೊಂದು ಮಹತ್ವವಿದೆ. ಮನುಷ್ಯರಲ್ಲಿ ರೋಗನಿರೋಧಕ ಅಂಶಗಳು ಗರ್ಭದಲ್ಲಿದ್ದಾಗಲೇ ಮಗುವಿಗೆ ದಾಟುತ್ತವೆ. ಮೇಕೆಯ ಗರ್ಭದಲ್ಲಿ ಅವು ದಾಟುವುದಿಲ್ಲ. ಹಾಗಾಗಿ ಮೇಕೆಮರಿ ಹುಟ್ಟುವಾಗ ರೋಗದ ಎದುರು ಬರಿಗೈಯಲ್ಲಿರುತ್ತದೆ. ಅದಕ್ಕೆ ಸಿಗುವ ಮೊದಲ ರಕ್ಷಣೆ ಗಿಣ್ಣಿನಲ್ಲೇ ಇರುವುದು. ಆ ಅಂಶಗಳನ್ನು ಇಡಿಯಾಗಿ ರಕ್ತಕ್ಕೆ ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಇರುವುದು ಸುಮಾರು 24 ಗಂಟೆ ಮಾತ್ರ, ಅದೂ ಗಂಟೆಗಂಟೆಗೆ ಇಳಿಯುತ್ತ ಹೋಗುತ್ತದೆ. ಮರಿಯ ತೂಕದ ಹತ್ತನೇ ಒಂದು ಪಾಲು, ಅಂದರೆ ಎರಡು ಕೆಜಿ ಮರಿಗೆ 200 ಮಿಲಿಲೀಟರ್ ಗಿಣ್ಣು ಮೊದಲ ದಿನದಲ್ಲಿ, ಅದರಲ್ಲೂ ಮೊದಲ ಪಾಲು ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಮಾರನೇ ದಿನ ಎಷ್ಟು ಕುಡಿಸಿದರೂ ತಪ್ಪಿಹೋದ ರಕ್ಷಣೆ ಮರಳಿ ಬರುವುದಿಲ್ಲ.

ಇಲ್ಲೇ ನಮ್ಮ ಕೆಲವು ಹಳೆಯ ನಂಬಿಕೆಗಳು ಮರಿಗೆ ಮುಳುವಾಗುತ್ತವೆ. ತಾಯಿಯ ಕಸ (ಮಾಸು) ಬೀಳುವ ತನಕ ಹಾಲು ಕುಡಿಸಬಾರದು ಎಂದು ಕಾಯುವವರಿದ್ದಾರೆ. ಕಸ ಬೀಳಲು ಹಲವು ಗಂಟೆ ಹಿಡಿಯಬಹುದು, ಅಷ್ಟರಲ್ಲಿ ಮರಿಯ ಅಮೂಲ್ಯ ಸಮಯ ಕಳೆದಿರುತ್ತದೆ. ನಿಜಕ್ಕೂ ಮರಿ ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಬಿಡುಗಡೆಯಾಗುವ ಹಾರ್ಮೋನು ಗರ್ಭಕೋಶವನ್ನು ಕುಗ್ಗಿಸಿ ಕಸ ಬೀಳಲು ನೆರವಾಗುತ್ತದೆ. ಗಿಣ್ಣು ಗಟ್ಟಿ, ಮರಿಗೆ ಭೇದಿಯಾಗುತ್ತದೆ ಎಂದು ಅದನ್ನು ನೆಲಕ್ಕೆ ಕರೆದು ಚೆಲ್ಲುವುದೂ ಇದೆ. ಚೆಲ್ಲಬೇಕಾದದ್ದು ಮೊಲೆತೊಟ್ಟಿನ ತುದಿಯಲ್ಲಿ ಕಟ್ಟಿಕೊಂಡ ಮೇಣದಂಥ ಬಿರಡೆ ಹೋಗುವಂತೆ ಒಂದೆರಡು ಹನಿ ಮಾತ್ರ. ಮರಿಯನ್ನು ಎತ್ತಿಕೊಂಡು ಹೋಗಿ ತೊಳೆದು ತರುವುದೂ ತಪ್ಪು. ತಾಯಿ ಮರಿಯನ್ನು ಗುರುತು ಹಿಡಿಯುವುದು ಮೊದಲ ಕೆಲವು ನಿಮಿಷ ನೆಕ್ಕುವಾಗ ಸಿಗುವ ವಾಸನೆಯಿಂದ. ಹುಟ್ಟಿದೊಡನೆ ಬೇರೆ ಮಾಡಿ ಒಂದು ತಾಸು ಬಿಟ್ಟು ತಂದರೆ ತನ್ನದೇ ಮರಿಯನ್ನು ಒದ್ದು ದೂರ ಮಾಡಬಹುದು. ಮೂಗು, ಬಾಯಿಯ ಲೋಳೆ ಒರೆಸಿ ಮರಿಯನ್ನು ತಾಯಿಯ ಮುಂದೆಯೇ ಬಿಡಬೇಕು. ತಾಯಿ ನೆಕ್ಕಿದ ಮೇಲೆ ಗೋಣಿಚೀಲದಿಂದ ಮರಿಯ ಮೈ ಒಣಗಿಸಬೇಕು. ಹೊಕ್ಕುಳ ಬಳ್ಳಿಯನ್ನು ಎರಡು ಬೆರಳಗಲ ಬಿಟ್ಟು ಶುದ್ಧ ದಾರದಿಂದ ಕಟ್ಟಿ, ಕತ್ತರಿಸಿ, ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಹಸಿ ಹೊಕ್ಕುಳಿಂದ ಒಳಹೊಕ್ಕ ಸೋಂಕೇ ಮುಂದೆ ಕೀಲು ಬಾತು ಕುಂಟುವ ಮರಿಯಾಗಿ ಕಾಣಿಸಿಕೊಳ್ಳುವುದು.

ಮಂಕಾಗಿ ಮಲಗಿದ ಮರಿಯ ಬಾಯೊಳಗೆ ಬೆರಳಿಟ್ಟು ನೋಡಿ. ಬಾಯಿ ಬೆಚ್ಚಗಿದ್ದು ಬೆರಳನ್ನು ಚೀಪಿದರೆ ಹಸಿವು, ಹಾಲು ಕೊಟ್ಟರೆ ಸಾಕು. ಬಾಯಿ ತಣ್ಣಗಿದ್ದು ಚೀಪುವ ಶಕ್ತಿಯೇ ಇಲ್ಲದಿದ್ದರೆ ಹೆಚ್ಚಿನವರು ಗಾಬರಿಯಲ್ಲಿ ಹಾಲು ಹೊಯ್ಯುತ್ತಾರೆ. ಆ ಹಾಲು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಹೊಟ್ಟೆಗೆ ಹೋದರೂ ತಣ್ಣಗಾದ ಕರುಳು ಅದನ್ನು ಅರಗಿಸದು. ಮೊದಲು ಮೈ ಬೆಚ್ಚಗಾಗಬೇಕು, ಹಾಲು ಆಮೇಲೆ. ಆರೋಗ್ಯವಂತ ಮರಿಯ ಮೈಬಿಸಿ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು 37ಕ್ಕಿಂತ ಕೆಳಗಿಳಿದರೆ ಪಶುವೈದ್ಯರನ್ನು ಕರೆಯಲೇಬೇಕು. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಎಂಬ ಉಚಿತ ಸಂಖ್ಯೆ ಇರುವುದು ಇಂಥ ಹೊತ್ತಿಗೇ.

ನಮ್ಮ ಅಜ್ಜಂದಿರ ಕಾಲದಲ್ಲಿ ಥರ್ಮಾಮೀಟರ್ ಹಿಡಿದವರು ಯಾರು, ಬಲವಿದ್ದದ್ದು ಉಳಿಯಿತು, ಇಲ್ಲದ್ದು ಹೋಯಿತು, ಹಾಗೆಯೇ ಅಲ್ಲವೆ ನಾಟಿ ತಳಿ ಗಟ್ಟಿಯಾದದ್ದು ಎಂಬ ಪ್ರಶ್ನೆ ಏಳುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ನಮ್ಮ ಮೇಕೆಗಳು ಬಿಸಿಲು, ಬರ ತಾಳಿಕೊಂಡದ್ದು ತಲೆಮಾರುಗಳ ಆಯ್ಕೆಯಿಂದಲೇ. ಆದರೆ ಮೊದಲ ದಿನಗಳ ಸಾವು ಆರಿಸುವುದು ಬಲವನ್ನಲ್ಲ. ಮಳೆ ಸುರಿದ ರಾತ್ರಿ ಹುಟ್ಟಿತೆಂಬ ಕಾರಣಕ್ಕೆ, ರೊಪ್ಪದ ನೆಲ ಒದ್ದೆಯಿತ್ತೆಂಬ ಕಾರಣಕ್ಕೆ ಸಾಯುವ ಮರಿಯ ರಕ್ತದಲ್ಲಿ ಕೊರತೆಯೇನೂ ಇರುವುದಿಲ್ಲ. ಇನ್ನೂ ಮುಖ್ಯವಾಗಿ, ಹೀಗೆ ಹೆಚ್ಚಾಗಿ ಸಾಯುವುದು ಅವಳಿಗಳಲ್ಲಿ ಸಣ್ಣದು. ಅವಳಿ ಹಾಕುವ ತಾಯಿಯೇ ಸಾಕುವವನಿಗೆ ಬೇಕಾದವಳು. ಅವಳ ಮರಿಗಳನ್ನು ಸಾಯಲು ಬಿಟ್ಟರೆ ಹೆಚ್ಚು ಮರಿ ಹಾಕುವ ಗುಣವನ್ನೇ ನಾವು ಹಿಂಡಿನಿಂದ ತೆಗೆದುಹಾಕಿದಂತೆ. ಬಲದ ಆಯ್ಕೆ ನಡೆಯಬೇಕಾದದ್ದು ಹೋತವನ್ನು ಆರಿಸುವಾಗ. ಒಂದೇ ಹೋತವನ್ನು ವರ್ಷಾನುಗಟ್ಟಲೆ ಇಟ್ಟುಕೊಂಡು ಅದರ ಮಗಳಿಗೂ ಮೊಮ್ಮಗಳಿಗೂ ಅದನ್ನೇ ಬಿಡುವುದು ನಿಂತರೆ ಬಡಕಲು ಮರಿ ಹುಟ್ಟುವುದೂ ಕಡಿಮೆಯಾಗುತ್ತದೆ.

ಇನ್ನೊಂದು ಆಕ್ಷೇಪ ಕಾಡಿನ ಪರವಾದದ್ದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಗುಡ್ಡದ ಗಿಡಗಳಿಗೆ ಎಚ್ಚರಿಕೆಯೇ ಸರಿ. ಕೊಂಡಜ್ಜಿಯಂಥ ಕುರುಚಲು ಕಾಡಿನಲ್ಲಿ ಎಳೆ ಸಸಿಯ ಕುಡಿ ಚಿವುಟಿದರೆ ಅದು ಮರವಾಗುವುದಿಲ್ಲ. ಆದರೆ ಮರಿ ಸಾಯುವಷ್ಟೂ ಅದೇ ಆದಾಯಕ್ಕೆ ಹೆಚ್ಚು ತಾಯಿ ಮೇಕೆಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ, ಗುಡ್ಡದ ಮೇಲಿನ ಹೊರೆ ಹೆಚ್ಚುತ್ತದೆ. ಆರು ಮೇಕೆ ಕೊಡುವ ಮರಿಗಳನ್ನು ನಾಲ್ಕು ಮೇಕೆಗಳೇ ಕೊಡುವಂತಾದರೆ ಎರಡರ ಮೇವು ಕಾಡಿಗೆ ಉಳಿಯಿತು. ಬದುವಿನಲ್ಲಿ ಅಗಸೆ, ನುಗ್ಗೆ, ಗ್ಲಿರಿಸಿಡಿಯಾ ಬೆಳೆಸಿ ಗಬ್ಬದ ಕೊನೆಯ ಆರೆಂಟು ವಾರ ತಾಯಿಯನ್ನು ಮನೆಯ ಹತ್ತಿರವೇ ಮೇಯಿಸುವುದು ಕಾಡಿಗೂ ಒಳ್ಳೆಯದು, ಮರಿಗೂ ಒಳ್ಳೆಯದು. ಮರಿ ಹೊಟ್ಟೆಯಲ್ಲಿ ಬೆಳೆಯುವುದರ ಬಹುಪಾಲು ಈ ವಾರಗಳಲ್ಲೇ.

ಕೆಲಸದ ಹೊರೆಯ ಪ್ರಶ್ನೆ ಎಲ್ಲಕ್ಕಿಂತ ನ್ಯಾಯವಾದದ್ದು. ಮೇಕೆಯ ಆರೈಕೆ ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ ಬೀಳುತ್ತದೆ, ಕೂಲಿ ಮುಗಿಸಿ ಬಂದವರಿಗೆ ರಾತ್ರಿಯ ಕಾವಲೂ ಸೇರಿದರೆ ಹೇಗೆ? ಉತ್ತರ ಹೋತ ಬಿಡುವ ಕಾಲದಲ್ಲಿದೆ. ವರ್ಷವಿಡೀ ಹೋತ ಹಿಂಡಿನಲ್ಲೇ ಇದ್ದರೆ ಯಾವ ರಾತ್ರಿ ಯಾವುದು ಈಯುವುದೋ ಗೊತ್ತಾಗದು. ಉದಾಹರಣೆಗೆ, ಒಂದು ಸೂಲಿಗೆ ಮೇ ಕೊನೆ, ಜೂನ್ ಹೊತ್ತಿಗೆ ಹೋತ ಬಿಟ್ಟರೆ ಮರಿಗಳು ಅಕ್ಟೋಬರ್ ಕೊನೆ, ನವೆಂಬರಿಗೆ ಹುಟ್ಟುತ್ತವೆ. ಕಾವಲು ಕೆಲವೇ ವಾರಕ್ಕೆ ಸೀಮಿತವಾಗುತ್ತದೆ, ನೆರೆಹೊರೆಯವರು ಸರದಿಯಲ್ಲಿ ಹಂಚಿಕೊಳ್ಳಬಹುದು. ಮಳೆಗಾಲದ ಕೆಸರು ಮುಗಿದಿರುತ್ತದೆ, ಕೊಯ್ಲಾದ ಹೊಲದಲ್ಲಿ ಮೇವಿರುತ್ತದೆ. ಆದರೆ ಅದೇ ಹೊತ್ತಿಗೆ ಕಣದಲ್ಲಿ, ರಸ್ತೆಯಂಚಿನಲ್ಲಿ ಒಣಹಾಕಿದ ಮೆಕ್ಕೆಜೋಳದ ರಾಶಿಗಳಿಂದ ಮೇಕೆಯನ್ನು ದೂರವಿಡಬೇಕು. ಅಭ್ಯಾಸವಿಲ್ಲದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಮ್ಲ ಹೆಚ್ಚಿ ತುಂಬು ಗಬ್ಬದ ಮೇಕೆಯೂ ಸಾಯಬಹುದು. ಈಯುವುದಕ್ಕೆ ನಾಲ್ಕಾರು ವಾರ ಮುಂಚೆ ತಾಯಿಗೆ ಕರುಳುಬೇನೆಯ ಲಸಿಕೆ ಹಾಕಿಸಿದರೆ ಆ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ದಾಟುತ್ತದೆ. ಮೂರು ನಾಲ್ಕು ತಿಂಗಳಾದ ಮರಿಗೆ ಪಿಪಿಆರ್ ರೋಗದ ಲಸಿಕೆ ತಪ್ಪಬಾರದು.

ಇದಿಷ್ಟು ಸಾಕುವವರ ಪಾಲಿನ ಕೆಲಸ. ಸರ್ಕಾರದ ಪಾಲಿನದೂ ಇದೆ. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ 500 ಹೆಣ್ಣು, 25 ಹೋತದ ಘಟಕಕ್ಕೆ ಶೇ 50ರಂತೆ ಗರಿಷ್ಠ 50 ಲಕ್ಷ ರೂಪಾಯಿ ಸಬ್ಸಿಡಿ ಕೊಡುತ್ತದೆ. ನಾಲ್ಕು ಮೇಕೆಯ ಮನೆಗೆ ಆ ಯೋಜನೆಯ ಬಾಗಿಲು ಎಟಕುವುದಿಲ್ಲ. ದೊಡ್ಡ ಘಟಕಗಳು ಬೇಡವೆಂದಲ್ಲ. ಆದರೆ ಅವಕ್ಕೆ ಹೋಗುವ ಹಣದ ಸಣ್ಣ ಪಾಲೊಂದು ಅಯೋಡಿನ್, ಥರ್ಮಾಮೀಟರ್, ಹಾಲು ಕುಡಿಸುವ ನಳಿಕೆಯ ರೂಪದಲ್ಲಿ ಹಳ್ಳಿಯಲ್ಲಿ ಜಾನುವಾರು ಆರೈಕೆಗೆ ನೆರವಾಗುವ ಪಶುಸಖಿಯರ ಕೈ ಸೇರಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳ ತರಬೇತಿ ಈಯುವ ಕಾಲಕ್ಕೆ ಮೊದಲೇ, ಹೆಣ್ಣುಮಕ್ಕಳಿಗೆ ಬಿಡುವಾದ ಹೊತ್ತಿನಲ್ಲಿ, ಅವರ ಹಟ್ಟಿಯಲ್ಲೇ ನಡೆಯಬೇಕು. ಯೋಜನೆಯ ಯಶಸ್ಸನ್ನು ಹಂಚಿದ ಮೇಕೆಗಳ ಲೆಕ್ಕದಿಂದ ಅಳೆಯುವುದನ್ನು ಬಿಟ್ಟು, ಹುಟ್ಟಿದ ಮರಿಗಳಲ್ಲಿ ಎಷ್ಟು ಮೂರು ತಿಂಗಳು ದಾಟಿದವು ಎಂಬ ಲೆಕ್ಕದಿಂದ ಅಳೆಯಬೇಕು. ಆ ಒಂದು ಅಂಕಿ ಮೇಲೇರಿದರೆ ಹೊಸ ತಳಿ, ಹೊಸ ಶೆಡ್ ಇಲ್ಲದೆಯೂ ಸಣ್ಣ ರೈತನ ಆದಾಯ ಮೇಲೇರುತ್ತದೆ. ಅದು ಏರದಿದ್ದರೆ ಎಷ್ಟು ಒಳ್ಳೆಯ ತಳಿ ತಂದರೂ ಆ ಹಣದ ಪ್ರಯೋಜನ ಬಡವನ ಮನೆ ತಲುಪುವುದಿಲ್ಲ.