ಗಣಕದಾಟಗಳಲ್ಲಿ ಸುಲಭತೆ ಮತ್ತು ಆಳ: ‘ಸಿವಿಲೈಜೇಷನ್’ ಮಾಲೆಯ ನಿದರ್ಶನ

ವಿಡಿಯೋ ಆಟಗಳನ್ನು ಹೆಚ್ಚು ಜನರಿಗೆ ಎಟಕುವಂತೆ ರಚಿಸಿದಷ್ಟೂ ಅವುಗಳ ಆಳ ಕಡಮೆಯಾಗುತ್ತದೆ ಎಂಬ ಆಕ್ಷೇಪಣೆಯು ಆ ಆಟಗಳಲ್ಲಿ ನುರಿತವರಿಂದ ಆಗಾಗ ಕೇಳಿಬರುತ್ತದೆ. ಈ ಆಕ್ಷೇಪಣೆಯಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ಒಂದು ಆಟದ ಮಾಲೆಯನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬವರು ರಚಿಸಿ, ಮೈಕ್ರೋಪ್ರೋಸ್ ಸಂಸ್ಥೆಯು 1991ರಲ್ಲಿ ಹೊರತಂದ ‘ಸಿವಿಲೈಜೇಷನ್’ ಆಟವನ್ನೂ ಅದರ ಮುಂದಿನ ಆವೃತ್ತಿಗಳನ್ನೂ ನಾವು ಇದಕ್ಕಾಗಿ ಆರಿಸಿಕೊಂಡಿದ್ದೇವೆ. ಕ್ರಿ.ಪೂ. 4000ದಲ್ಲಿ ಒಂದು ನೆಲೆಯನ್ನು ಸ್ಥಾಪಿಸಿ ಒಂದು ಜನಾಂಗವನ್ನು ಆಧುನಿಕ ಕಾಲದವರೆಗೆ ನಡೆಸಿಕೊಂಡು ಬರುವುದೇ ಈ ಆಟದ ವಸ್ತುವಾದ್ದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷ ಆಸಕ್ತಿಯಿರುವುದು ಸಹಜ.

ಮೊದಲಿಗೆ ತೊಡಕು ಬೇರೆ, ಆಳ ಬೇರೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಟಗಾರನು ಕಲಿತು ನೆನಪಿಡಬೇಕಾದ ನಿಯಮಗಳ ಹೊರೆಯೇ ತೊಡಕು. ಆ ನಿಯಮಗಳೊಳಗೆ ಅವನು ತೂಗಿ ನೋಡಿ ಮಾಡಬೇಕಾದ, ಪರಿಣಾಮವುಳ್ಳ ಆಯ್ಕೆಗಳ ವಿಸ್ತಾರವೇ ಆಳ. ಪೂರ್ವ ಏಷ್ಯದ ‘ಗೋ’ ಆಟದ ನಿಯಮಗಳು ಚದುರಂಗದ ನಿಯಮಗಳಿಗಿಂತಲೂ ಕಡಮೆ. ಆದರೂ 1997ರಲ್ಲಿ ‘ಡೀಪ್ ಬ್ಲೂ’ ಗಣಕವು ಚದುರಂಗದ ಜಗದ್ವಿಜೇತ ಕಾಸ್ಪರೋವನನ್ನು ಸೋಲಿಸಿದ ತರುವಾಯ, ‘ಗೋ’ ಆಟದ ಅಗ್ರಗಣ್ಯನಾದ ಲೀ ಸೆಡೋಲನನ್ನು ಗಣಕವೊಂದು ಸೋಲಿಸಲು 2016ರವರೆಗೆ ಕಾಯಬೇಕಾಯಿತು. ನಿಯಮಗಳ ಮಿತಿಯು ಆಳದ ಮಿತಿಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಲಾರದು.

‘ಸಿವಿಲೈಜೇಷನ್’ ಆಟವು ಹೊಸಬರನ್ನು ಮೊದಲಿನಿಂದಲೂ ಗಮನದಲ್ಲಿಟ್ಟುಕೊಂಡಿತ್ತು. 1991ರ ಆವೃತ್ತಿಯಲ್ಲಿಯೇ ಕಾಠಿಣ್ಯದ ಐದು ಮೆಟ್ಟಿಲುಗಳಿದ್ದುವು. ‘ಸಿವಿಲೋಪೀಡಿಯ’ ಎಂಬ ಕೋಶವೂ ಆಟದೊಳಗೇ ಸೇರಿತ್ತು. ಅರಿಯದವನು ಕೆಳಗಿನ ಮೆಟ್ಟಿಲಿನಿಂದ ಆರಂಭಿಸಬಹುದಾಗಿತ್ತು, ನುರಿತವನು ಮೇಲಿನ ಮೆಟ್ಟಿಲಿಗೆ ಹೋಗಬಹುದಾಗಿತ್ತು. ಬಾಗಿಲನ್ನು ಅಗಲಿಸಿದರೂ ಮನೆಯ ಒಳಾಂಗಣವು ಕುಗ್ಗಲಿಲ್ಲ.

ಕೆಲವು ಸಂದರ್ಭಗಳಲ್ಲಿ ಸರಳೀಕರಣದಿಂದ ಆಳವು ಹೆಚ್ಚಿದುದೂ ಉಂಟು. ಮೊದಲ ಮೂರು ಆವೃತ್ತಿಗಳಲ್ಲಿ ರಾಜಧಾನಿಯಿಂದ ದೂರವಾದ ನಗರಗಳ ಉತ್ಪತ್ತಿಯು ಭ್ರಷ್ಟಾಚಾರದಿಂದ ಸೋರಿಹೋಗುತ್ತಿತ್ತು. ಹಾಗಿದ್ದರೂ ದೂರದ ನಗರವು ಅಲ್ಪ ಲಾಭವನ್ನಾದರೂ ತರುತ್ತಿದ್ದುದರಿಂದ, ನೆಲವಿರುವವರೆಗೆ ನಗರಗಳನ್ನು ಹೂಡುತ್ತ ಹೋಗುವುದೇ ಲೇಸೆನಿಸುತ್ತಿತ್ತು. ಮಾಲಿನ್ಯವುಂಟಾದಾಗ ಕೆಲಸಗಾರರನ್ನು ಮತ್ತೆ ಮತ್ತೆ ಕಳುಹಿಸಿ ನೆಲವನ್ನು ಶುದ್ಧಮಾಡಿಸುವ ಶ್ರಮವೂ ಇತ್ತು. ಸೋರೆನ್ ಜಾನ್ಸನ್ ಮುಖ್ಯ ರಚನಕಾರರಾಗಿದ್ದ 2005ರ ನಾಲ್ಕನೆಯ ಆವೃತ್ತಿಯು ಈ ಎರಡು ಏರ್ಪಾಡುಗಳನ್ನೂ ತೆಗೆದುಹಾಕಿತು. ಭ್ರಷ್ಟಾಚಾರದ ಸ್ಥಾನದಲ್ಲಿ ನಗರಗಳ ನಿರ್ವಹಣ ವೆಚ್ಚವು ಬಂದಿತು. ನಗರಗಳ ಸಂಖ್ಯೆ ಮತ್ತು ರಾಜಧಾನಿಯಿಂದ ಅವುಗಳ ದೂರ ಹೆಚ್ಚಿದಂತೆ ಆ ವೆಚ್ಚವೂ ಏರುತ್ತಿತ್ತು. ಅವಸರದಿಂದ ರಾಜ್ಯವನ್ನು ಹಬ್ಬಿಸಿದವನ ಬೊಕ್ಕಸ ಬರಿದಾಗಿ ವಿದ್ಯೆಯ ಬೆಳವಣಿಗೆ ಕುಂಠಿತವಾಗುತ್ತಿತ್ತು. ರಾಜ್ಯವಿಸ್ತಾರವು ಹೀಗೆ ಅಭ್ಯಾಸಬಲದಿಂದ ಮಾಡುವ ಕೆಲಸವಾಗಿ ಉಳಿಯದೆ, ಆಲೋಚಿಸಿ ಮಾಡಬೇಕಾದ ನಿರ್ಧಾರವಾಯಿತು. ಮುಹಮ್ಮದ್ ಬಿನ್ ತುಘಲಕನು 1327ರಲ್ಲಿ ರಾಜಧಾನಿಯನ್ನು ದೌಲತಾಬಾದಿಗೆ ವರ್ಗಾಯಿಸಿದುದರ ಹಿಂದೆ ದೂರದ ಪ್ರಾಂತಗಳನ್ನು ಆಳುವ ಈ ಕಷ್ಟವೂ ಇದ್ದಿತೆಂಬುದನ್ನು ನೆನೆದರೆ, ಆಟವು ಚರಿತ್ರೆಗೆ ಎಷ್ಟು ಸಮೀಪಕ್ಕೆ ಬಂದಿತೆಂಬುದು ವಿದಿತವಾಗುತ್ತದೆ.

ಆಕ್ಷೇಪಣೆಯು ನಿರಾಧಾರವೆಂದು ಇದರಿಂದ ತೀರ್ಮಾನಿಸಲಾಗದು. ಮನೆಯ ದೂರದರ್ಶನಕ್ಕೆ ಜೋಡಿಸುವ ಕನ್ಸೋಲ್ ಯಂತ್ರಗಳಿಗಾಗಿ 2008ರಲ್ಲಿ ಹೊರಬಂದ ‘ಸಿವಿಲೈಜೇಷನ್ ರೆವಲ್ಯೂಷನ್’ ಆಟದಲ್ಲಿ ಭೂಪಟವು ಚಿಕ್ಕದಾಯಿತು, ಆಟ ಬೇಗ ಮುಗಿಯುವಂತಾಯಿತು. ಅದರೊಂದಿಗೆ ನೆಲವನ್ನು ಹದಗೊಳಿಸುವ ಕೆಲಸಗಾರರೂ ಇಲ್ಲವಾದರು. ಈ ಹೊಲಕ್ಕೆ ನೀರಾವರಿಯೋ ಆ ಗುಡ್ಡಕ್ಕೆ ಗಣಿಯೋ ಎಂಬ ಆಯ್ಕೆಯೇ ಇಲ್ಲಿ ಉಳಿಯಲಿಲ್ಲ. ಇದು ಆಳದಲ್ಲಿ ಆದ ನಿಜವಾದ ನಷ್ಟ.

2010ರ ಐದನೆಯ ಆವೃತ್ತಿಯ ಕಥೆಯು ಇವೆರಡರ ನಡುವಿನದು. ನಾಲ್ಕನೆಯ ಆವೃತ್ತಿಯಲ್ಲಿದ್ದ ಮತಧರ್ಮಗಳನ್ನು ಅದು ಕೈಬಿಟ್ಟಿತು. ಹಳೆಯ ಆಟಗಾರರು ಇದನ್ನು ಕೊರತೆಯೆಂದೇ ಎಣಿಸಿದರು. 2012ರ ‘ಗಾಡ್ಸ್ ಅಂಡ್ ಕಿಂಗ್ಸ್’ ಎಂಬ ಪುರವಣಿಯಲ್ಲಿ ಮತಧರ್ಮಗಳು ಮರಳಿ ಬಂದುವು. ಹಿಂದೆ ಎಲ್ಲ ಮತಗಳ ಫಲವೂ ಒಂದೇ ಆಗಿತ್ತು. ಈಗ ತನ್ನ ಮತದ ನಂಬಿಕೆಗಳನ್ನು ಆಟಗಾರನೇ ಆರಿಸಬೇಕಾಯಿತು. ಇದೇ ಆವೃತ್ತಿಯು ಒಂದು ಚೌಕದಲ್ಲಿ ಹಲವು ಪಡೆಗಳನ್ನು ಪೇರಿಸುವ ಪದ್ಧತಿಯನ್ನು ಬಿಟ್ಟು, ಷಟ್ಕೋನವೊಂದಕ್ಕೆ ಒಂದೇ ಯುದ್ಧಪಡೆ ಎಂಬ ನಿಯಮವನ್ನು ತಂದಿತು. ನಿಯಮವೇನೋ ಸರಳ, ಆದರೆ ಕಣಿವೆ, ನದಿ, ಗುಡ್ಡಗಳ ನಡುವೆ ಯಾವ ಪಡೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯು ಮೊದಲಿಗಿಂತ ಗಹನವಾಯಿತು. ಎದುರಾಳಿಯಾದ ಗಣಕವೇ ಈ ಸರಳ ನಿಯಮವನ್ನು ಸಮರ್ಥವಾಗಿ ನಿರ್ವಹಿಸಲಾರದೆ ಟೀಕೆಗೆ ಗುರಿಯಾಯಿತು.

ಮೇಲಿನ ನಿದರ್ಶನಗಳಿಂದ ಹೊರಡುವ ನಿರ್ಣಯವಿಷ್ಟು: ಆಟವು ಯಾರಿಗಾಗಿ ರಚಿತವಾಯಿತೆಂಬುದರಿಂದ ಅದರ ಆಳವನ್ನು ಅಳೆಯಲಾಗದು, ಸುಲಭಗೊಳಿಸುವಾಗ ತೆಗೆದುಹಾಕಿದ್ದು ಯಾವುದು ಎಂಬುದನ್ನು ನೋಡಬೇಕು. ತೆಗೆದದ್ದು ಬರಿಯ ಶ್ರಮವಾದರೆ ಆಟಕ್ಕೆ ಹಾನಿಯಿಲ್ಲ, ಒಮ್ಮೊಮ್ಮೆ ಲಾಭವೇ ಉಂಟು. ತೆಗೆದದ್ದು ಆಯ್ಕೆಯಾದರೆ ಹಾನಿ ತಪ್ಪದು.

ಈ ವಿವೇಚನೆಯು ಆಟಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ನಮಗೆ ತೋರುತ್ತದೆ. ಬಗೆಬಗೆಯ ಹಿನ್ನೆಲೆಯ ವಿದ್ಯಾರ್ಥಿಗಳು ಕಲೆತಿರುವ ತರಗತಿಯಲ್ಲಿ ಚರಿತ್ರೆಯನ್ನು ಬೋಧಿಸುವ ನಾವೂ ಪಾಠವನ್ನು ಸುಲಭಗೊಳಿಸುತ್ತಲೇ ಇರುತ್ತೇವೆ. ಇಸವಿಗಳ ಪಟ್ಟಿಯನ್ನು ಕಿರಿದುಮಾಡಿದರೆ ವಿದ್ಯಾರ್ಥಿಗೆ ನಷ್ಟವಿಲ್ಲ. ಅರಸನೊಬ್ಬನ ಮುಂದೆ ಎರಡು ದಾರಿಗಳಿದ್ದುವು, ಒಂದನ್ನು ಹಿಡಿದುದಕ್ಕೆ ಕಾರಣಗಳಿದ್ದುವು ಎಂಬುದನ್ನೇ ಬಿಟ್ಟುಬಿಟ್ಟರೆ ಚರಿತ್ರೆಯಲ್ಲಿ ಉಳಿಯುವುದು ಹೆಸರುಗಳು ಮಾತ್ರ. ಹೆಚ್ಚು ಜನರನ್ನು ಒಳಗೆ ಕರೆಯುವುದು ನಮ್ಮ ಕರ್ತವ್ಯ; ಬಂದವರು ಆಲೋಚಿಸಲು ಏನನ್ನು ಉಳಿಸಿದ್ದೇವೆಂದು ನೋಡಿಕೊಳ್ಳುವುದೂ ಅಷ್ಟೇ ಮುಖ್ಯವಾದ ಕರ್ತವ್ಯ.