ಅಮೀರ್‌ಬಾಯಿ ಕರ್ನಾಟಕಿ

ಅಮೀರ್‌ಬಾಯಿ ಕರ್ನಾಟಕಿ (ನಿಧನ: ೧೯೬೫) ಹಿಂದಿ ಚಲನಚಿತ್ರರಂಗದ ಆರಂಭಕಾಲದ ಪ್ರಮುಖ ಹಿನ್ನೆಲೆ ಗಾಯಕಿಯರಲ್ಲಿ ಒಬ್ಬರು ಹಾಗೂ ನಟಿ. ೧೯೪೩ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವರು ದೇಶದಾದ್ಯಂತ ಮನೆಮಾತಾದರು. 'ಕನ್ನಡ ಕೋಗಿಲೆ' ಎಂಬುದು ಜನರು ಅವರಿಗಿತ್ತ ಬಿರುದು.

ಹುಟ್ಟೂರು ಮತ್ತು ಹಿನ್ನೆಲೆ

ಅಮೀರ್‌ಬಾಯಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದರು. ಈ ಊರು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಕಾಲದಲ್ಲಿ ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಆದುದರಿಂದ ಈ ಭಾಗದ ಕಲಾವಿದರಿಗೆ ಬೆಂಗಳೂರು, ಮೈಸೂರುಗಳಿಗಿಂತ ಪುಣೆ, ಮುಂಬಯಿಗಳ ಒಡನಾಟವೇ ಹೆಚ್ಚಾಗಿತ್ತು. 'ಕರ್ನಾಟಕಿ' ಎಂಬುದು ಮನೆತನದ ಹೆಸರಲ್ಲ. ಪರಪ್ರಾಂತದಲ್ಲಿ ಅವರ ನಾಡನ್ನು ಸೂಚಿಸುತ್ತಿದ್ದ ಗುರುತು. ಅವರ ಸಹೋದರಿ ಗೋಹರಬಾಯಿ ಕರ್ನಾಟಕಿಯವರೂ ಗಾಯಕಿ ಹಾಗೂ ನಟಿಯಾಗಿದ್ದು, ಮರಾಠಿ ರಂಗಭೂಮಿಯ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಅಭಿನಯಿಸಿದರು.

ವೃತ್ತಿಜೀವನ

೧೯೩೪ರ 'ವಿಷ್ಣುಭಕ್ತಿ' ಚಿತ್ರದಿಂದ ಅಮೀರ್‌ಬಾಯಿ ಬೆಳ್ಳಿತೆರೆಗೆ ಬಂದರು. ಕಲಾವಿದರು ತಮ್ಮ ಪಾತ್ರದ ಹಾಡುಗಳನ್ನು ತಾವೇ ಹಾಡುವುದು ಆಗಿನ ರೂಢಿಯಾಗಿತ್ತು. ಹಿನ್ನೆಲೆ ಗಾಯನದ ಪದ್ಧತಿ ಬೆಳೆದಂತೆ ಅವರ ನಟನೆಗಿಂತ ಕಂಠಕ್ಕೆ ಬೇಡಿಕೆ ಹೆಚ್ಚಿತು. ೧೯೪೦ರ 'ನರಸೀ ಭಗತ್' ಚಿತ್ರಕ್ಕಾಗಿ ಅವರು ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹತಾರ ಭಜನೆಯನ್ನು ಹಾಡಿದರು.

ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ಅವರ ಜೀವನದ ತಿರುವು. ಅನಿಲ್ ಬಿಸ್ವಾಸ್ ಸಂಗೀತ ನೀಡಿದ ಈ ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿಯವರಿಗೆ ಅಮೀರ್‌ಬಾಯಿ ಕಂಠದಾನ ಮಾಡಿದರು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷವೇ ತೆರೆಕಂಡ ಚಿತ್ರವಿದು. ಪರಕೀಯರನ್ನು ದೂರ ಸರಿಯುವಂತೆ ಎಚ್ಚರಿಸುವ ಕವಿ ಪ್ರದೀಪರ ಗೀತೆ ಮೇಲ್ನೋಟಕ್ಕೆ ಜರ್ಮನಿ, ಜಪಾನುಗಳ ವಿರುದ್ಧವಾಗಿತ್ತು. ಪ್ರೇಕ್ಷಕರಾದರೋ ಅದನ್ನು ಬ್ರಿಟಿಷರಿಗೆ ಹೇಳಿದ ಮಾತೆಂದೇ ಗ್ರಹಿಸಿದರು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಚಿತ್ರವು ಮೂರು ವರ್ಷಕ್ಕೂ ಮಿಗಿಲಾಗಿ ಪ್ರದರ್ಶನ ಕಂಡಿತು.

ಅನಂತರ 'ಸಿಂಧೂರ್' (೧೯೪೭), ನೌಶಾದ್ ಸಂಗೀತದ 'ರತನ್' (೧೯೪೪), ಸಿ. ರಾಮಚಂದ್ರ ಸಂಗೀತದ 'ಶಹನಾಯಿ' (೧೯೪೭) ಮೊದಲಾದ ಚಿತ್ರಗಳಲ್ಲಿ ಹಾಡಿದರು. ೧೯೪೮ರ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ಸಂಯೋಜಿಸಿದರು. ಮಹಿಳಾ ಸಂಗೀತ ನಿರ್ದೇಶಕರು ಅತಿ ವಿರಳವಾಗಿದ್ದ ಕಾಲದಲ್ಲಿ ಇದು ಗಮನಾರ್ಹ.

ವೈಯಕ್ತಿಕ ಜೀವನ

ನಟ ಹಿಮಾಲಯವಾಲಾ ಅವರೊಡನೆ ಅಮೀರ್‌ಬಾಯಿಯವರ ವಿವಾಹವಾಯಿತು. ಈ ದಾಂಪತ್ಯವು ಸುಖಕರವಾಗಿರಲಿಲ್ಲ, ವಿಚ್ಛೇದನದಲ್ಲಿ ಕೊನೆಗೊಂಡಿತು. ದೇಶವಿಭಜನೆಯ ಬಳಿಕ ಹಿಮಾಲಯವಾಲಾ ಪಾಕಿಸ್ತಾನದಲ್ಲಿ ನೆಲೆಸಿದರು.

ಅಭಿರುಚಿಯ ಬದಲಾವಣೆ

೧೯೪೯ರ 'ಮಹಲ್', 'ಬರ್ಸಾತ್' ಚಿತ್ರಗಳ ಯಶಸ್ಸಿನೊಂದಿಗೆ ಲತಾ ಮಂಗೇಶ್ಕರರ ತೆಳುವಾದ, ತಾರಸ್ಥಾಯಿಯ ಕಂಠವು ಚಿತ್ರಗೀತೆಯ ಮಾದರಿಯಾಯಿತು. ಅಮೀರ್‌ಬಾಯಿ, ಜೋಹ್ರಾಬಾಯಿ ಅಂಬಾಲೇವಾಲಿ ಮೊದಲಾದವರ ತುಂಬುಕಂಠಕ್ಕೆ ಅವಕಾಶಗಳು ಕಡಿಮೆಯಾದವು. ೧೯೫೦ರ 'ಸಮಾಧಿ' ಚಿತ್ರದಲ್ಲಿ ಲತಾ ಮತ್ತು ಅಮೀರ್‌ಬಾಯಿ ಜೊತೆಯಾಗಿ ಹಾಡಿದ ಗೀತೆ ಬಹು ಜನಪ್ರಿಯವಾಯಿತು. ಹಳೆಯ ಹಾಗೂ ಹೊಸ ತಲೆಮಾರಿನ ಕಂಠಗಳನ್ನು ಒಂದೇ ಹಾಡಿನಲ್ಲಿ ಹೋಲಿಸಿ ಕೇಳಬಯಸುವವರಿಗೆ ಇದು ಉತ್ತಮ ನಿದರ್ಶನ. ಮುಂದೆ ಅಮೀರ್‌ಬಾಯಿ ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು.

ನಿಧನ ಮತ್ತು ಸ್ಮರಣೆ

ಅಮೀರ್‌ಬಾಯಿಯವರು ೧೯೬೫ರಲ್ಲಿ ನಿಧನರಾದರು. ವಿಜಯಪುರ ನಗರದ 'ಅಮೀರ್ ಟಾಕೀಸ್' ಚಿತ್ರಮಂದಿರವು ಅವರ ಹೆಸರನ್ನು ಉಳಿಸಿದೆ. ಲೇಖಕ ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ರಚಿಸಿದ್ದಾರೆ.